ಸ್ಟೆನೊ ಮೇಡಂ ತತ್ವಶಾಸ್ತ್ರ ಓದಿದ್ದು

ನ್ಯಾಯಾಧೀಶರ ಪೀಠದ ಕೆಳಗೆ, ಕಟಕಟೆಗೆ ಸ್ವಲ್ಪ ಓರೆಯಾಗಿ ಹಾಕಿದ್ದ ಸಣ್ಣ ಮೇಜು ಸ್ಟೆನೊ ಮೇಡಂ ಅವರದು. ವಕೀಲರು ಗಂಟಲು ಹರಿಯುವಂತೆ ವಾದಿಸುತ್ತಿದ್ದರು, ಸಾಕ್ಷಿಗಳು ಅಳುತ್ತಿದ್ದರು, ಕೆಲವು ಸಲ ಕಕ್ಷಿದಾರರು ಅಲ್ಲಿಯೇ ಕೈ ಕೈ ಮಿಲಾಯಿಸುತ್ತಿದ್ದರು. ಮೇಡಂ ಮಾತ್ರ ತುಟಿ ಪಿಟಕ್ಕೆನ್ನದೆ, ತಲೆ ಎತ್ತದೆ, ಕೇಳಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಕೈ ಬಿಟ್ಟು ಒಂದು ಮಾತೂ ಹೋಗುತ್ತಿರಲಿಲ್ಲ. ಹೊಸದಾಗಿ ಬಂದ ನ್ಯಾಯಾಧೀಶರೊಬ್ಬರು, "ಈ ಕೋಣೇಲಿ ಗೋಡೆಗಿಂತ ಗಟ್ಟಿ ಅಂದ್ರೆ ನೀವೇ ಮೇಡಂ" ಎಂದಿದ್ದರು. ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು ಅವರು ಆ ದಿನ ಖುಷಿಯಾಗಿ ಮನೆಗೆ ಹೋಗಿದ್ದರು.

ನಿವೃತ್ತಿಗೆ ಇನ್ನು ಸ್ವಲ್ಪ ಕಾಲವಿದ್ದಾಗ ಒಂದು ಮರದ ಮೊಕದ್ದಮೆ ಬಂತು. ಪಕ್ಕದ ಮನೆಯವನು ತನ್ನ ಜಾಗದಲ್ಲಿದ್ದ ದೊಡ್ಡ ಮರವನ್ನು ಕಡಿಸಿದ್ದ. ಅದರ ನೆರಳು ಬೀಳುತ್ತಿದ್ದುದು ಆಚೆಮನೆಯ ಮುದುಕಿಯ ಕಿಟಕಿಯ ಮೇಲೆ. ಬಿಸಿಲಿಗೆ ಬೆಂದುಹೋದ ಮುದುಕಿ ಕೋರ್ಟಿಗೆ ಬಂದಳು, ಸೋತಳು. ತೀರ್ಪು ಮುಗಿದ ಮೇಲೆ ಮೊಗಸಾಲೆಯಲ್ಲಿ ಅವಳು ಮೇಡಂ ಎದುರು ನಿಂತು ಕೇಳಿದಳು: "ಮರ ಅವನದೇ, ಒಪ್ಪಿದೆ ತಾಯಿ. ನೆರಳು ಯಾರದು? ಎಲ್ಲಾನೂ ಕೇಳಿಸಿಕೊಂಡವರು ನೀವು. ನೀವೇ ಹೇಳಿ, ಇದು ನ್ಯಾಯಾನಾ?"

"ನಾನು ಬರ್ಕೊಳೋಳು ಅಷ್ಟೇ ಅಜ್ಜಿ," ಎಂದರು ಮೇಡಂ.

ಬಸ್ಸಿನಲ್ಲಿ ಕೂತ ಮೇಲೆ ಆ ಉತ್ತರ ಅವರಿಗೇ ಚುಚ್ಚತೊಡಗಿತು. ನ್ಯಾಯ ಎಂಬ ಪದವನ್ನು ಟೈಪು ಮಾಡಿ ಮಾಡಿ ಬೆರಳ ತುದಿ ಗಟ್ಟಿಯಾಗಿತ್ತು. ಅಷ್ಟು ವರ್ಷದಲ್ಲಿ ಅದು ಏನು ಎಂದು ಆ ಕೋಣೆಯಲ್ಲಿ ಯಾರೂ ಬಿಡಿಸಿ ಹೇಳಿರಲಿಲ್ಲ. ಕೇಳಬೇಕು ಎಂದು ಅವರಿಗೂ ಹೊಳೆದಿರಲಿಲ್ಲ.

ಮೇಡಂ ಮದುವೆಯಾಗಿರಲಿಲ್ಲ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಚಿಕ್ಕಮ್ಮನ ಜೊತೆಗಿದ್ದರು. ಸಣ್ಣವರಿದ್ದಾಗಲೇ ತಾಯಿ ತೀರಿಕೊಂಡ ಮೇಲೆ ಅವರನ್ನೂ ಅವರ ಅಕ್ಕನನ್ನೂ ಸಾಕಿದವಳು ಈ ಚಿಕ್ಕಮ್ಮನೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ವಯಸ್ಸು ಎಂಬತ್ತರ ಹತ್ತಿರ ಬಂದರೂ ನಾಲಿಗೆಗೆ ಇನ್ನೂ ಹರೆಯ. ಪಕ್ಕದ ಬೀದಿಯಲ್ಲಿ ಅಕ್ಕ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ತಂಗಿ ನಿವೃತ್ತಿಯಾಗುವುದನ್ನೇ ಕಾಯುತ್ತಿದ್ದ ಅಕ್ಕ, ಆ ದಿನ ಬಂದದ್ದೇ, "ನಾಳೆಯಿಂದ ಅಂಗಡಿಗೆ ಬಾ, ಕಾಜ ಹಾಕೋಕೆ ಒಬ್ಬರೂ ಸರಿಯಾಗಿ ಸಿಕ್ತಿಲ್ಲ" ಎಂದು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು.

"ನಾನು ಕಾಲೇಜಿಗೆ ಸೇರ್ತಾ ಇದೀನಿ ಅಕ್ಕಾ," ಎಂದರು ಮೇಡಂ. "ಯೂನಿವರ್ಸಿಟೀಲಿ ತತ್ವಶಾಸ್ತ್ರ ಇದೆ. ನೀತಿಶಾಸ್ತ್ರ, ಧರ್ಮಗಳ ಅಧ್ಯಯನ ಎಲ್ಲಾ ಅದರಲ್ಲೇ ಬರತ್ತಂತೆ."

ಅಕ್ಕ ಕತ್ತರಿ ಕೆಳಗಿಟ್ಟಳು. "ಕೂದಲು ಹಣ್ಣಾದ ಮೇಲೆ ಕಾಲೇಜಾ? ಓದಿ ಯಾವ ಗುಡ್ಡ ಕಡೀತೀಯ? ನೀತಿ ಗೊತ್ತಿಲ್ದೆ ಇಷ್ಟು ದಿನ ಯಾರ ಮನೆ ಹಾಳು ಮಾಡಿದೀಯ ಹೇಳು?"

ಅಂಗಡಿಯಲ್ಲೇ ಕೂತಿದ್ದ ಚಿಕ್ಕಮ್ಮ ಪೇಪರಿನಿಂದ ಮುಖ ಎತ್ತದೆ ಅಂದಳು: "ಹೋಗ್ಲಿ ಬಿಡೆ. ದೇವರಿದಾನೋ ಇಲ್ವೋ ಅನ್ನೋದೂ ಅಲ್ಲಿ ಪಾಠ ಮಾಡ್ತಾರಂತೆ. ಇಲ್ಲ ಅಂತ ಸಾಬೀತಾದ್ರೆ ಬಂದು ಹೇಳು ಮಗಳೇ, ದಿನಾ ಬೆಳಗ್ಗೆ ಅರ್ಧ ಗಂಟೆ ಪ್ರಾರ್ಥನೆ ಮಾಡೋದು ಉಳಿಯತ್ತೆ, ಇನ್ನಷ್ಟು ಮಲಗಬಹುದು."

ಪ್ರವೇಶದ ಕೌಂಟರಿನಲ್ಲಿದ್ದ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ಮೊಮ್ಮಗಳು ಬಂದಿಲ್ವಾ? ಅವರೇ ಬಂದು ಸಹಿ ಹಾಕಬೇಕಾಗತ್ತೆ" ಎಂದ. "ನನಗೆ ಮೊಮ್ಮಗಳಿಲ್ಲಪ್ಪ, ಓದೋಳು ನಾನೇ," ಎಂದರು ಮೇಡಂ. ಗುಮಾಸ್ತ ತಬ್ಬಿಬ್ಬಾಗಿ ಎದ್ದು ನಿಂತು ತನ್ನ ಪೆನ್ನನ್ನೇ ಕೊಟ್ಟ.

ತರಗತಿ ಮೂರನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮೇಡಂ ಮುಂದಿನ ಬೆಂಚಿನಲ್ಲಿ ಕೂತರು. ಹಳೆಯ ಅಭ್ಯಾಸ, ಮೇಷ್ಟ್ರು ಬಾಯಿ ತೆರೆದದ್ದೇ ತಡ ಕೈ ಓಡತೊಡಗಿತು. ನೀತಿಶಾಸ್ತ್ರದ ಮೇಷ್ಟ್ರು ಸಣ್ಣ ಆಳು, ಪಾಠ ಮಾಡುವಾಗ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ಇರುತ್ತಿದ್ದರು. ಅವರು ಹೇಳಿದ್ದು, ಹೇಳಲು ಹೋಗಿ ಬಿಟ್ಟಿದ್ದು, ನಡುವೆ ಫ್ಯಾನಿಗೆ ಬೈದದ್ದು, ಎಲ್ಲವೂ ಮೇಡಂ ಹಾಳೆಯ ಮೇಲಿತ್ತು. ವಾರ ಕಳೆಯುವುದರೊಳಗೆ ತರಗತಿಯ ಹುಡುಗ ಹುಡುಗಿಯರಿಗೆಲ್ಲ ಅವರು ಬೇಕಾದವರಾದರು. ಪಾಠ ತಪ್ಪಿಸಿಕೊಂಡವರು, ಪಾಠದಲ್ಲೇ ನಿದ್ದೆ ಹೋದವರು, ಎಲ್ಲರೂ ಕ್ಯಾಂಟೀನಿನಲ್ಲಿ ಅವರಿಗೆ ಕಾಫಿ ಕೊಡಿಸಿ ಪಾಠ ಬರೆಸಿಕೊಳ್ಳುತ್ತಿದ್ದರು.

ಮೊದಲ ಪರೀಕ್ಷೆಯಲ್ಲಿ ಮಾತ್ರ ಮೇಡಂ ಫೇಲಾದರು.

ಅವರಿಂದ ನೋಟ್ಸ್ ಬರೆಸಿಕೊಂಡವರೆಲ್ಲ ಪಾಸು. ಮೇಡಂ ಉತ್ತರಪತ್ರಿಕೆ ಹಿಡಿದು ಮೇಷ್ಟ್ರ ಕೋಣೆಗೆ ಹೋದರು. ಮೇಷ್ಟ್ರು ಕುರ್ಚಿಯ ಮೇಲಿದ್ದ ಪುಸ್ತಕ ಎತ್ತಿಟ್ಟು ಅವರನ್ನು ಕೂರಿಸಿದರು.

"ಇದರಲ್ಲಿ ಒಂದಾದರೂ ತಪ್ಪಿದ್ಯಾ ಸರ್?"

"ಒಂದೂ ಇಲ್ಲ. ನಾನು ಹೇಳಿದ್ದನ್ನೆಲ್ಲಾ ಹೇಳಿದ ಹಾಗೇ ಬರೆದಿದೀರಿ. ನಾನು ಆವತ್ತು ಮಾಡಿದ ಒಂದು ಜೋಕೂ ಇದೆ ಇಲ್ಲಿ. ಆದರೆ ಪ್ರಶ್ನೆ ಏನಿತ್ತು ನೋಡಿ, ಇದನ್ನ ನೀವು ಒಪ್ಪುತ್ತೀರಾ, ಯಾಕೆ? ನೀವು ಒಪ್ಪುತ್ತೀರಾ?"

ಒಪ್ಪುತ್ತೇನೋ ಇಲ್ಲವೋ ಎಂದು ಹುಡುಕಿದರೆ ಮೇಡಂಗೆ ಒಳಗೆ ಏನೂ ಸಿಗಲಿಲ್ಲ.

"ಸರ್, ನನ್ನ ಕೆಲಸದಲ್ಲಿ ಅಭಿಪ್ರಾಯ ಅನ್ನೋದು ತಪ್ಪು. ಒಂದು ಪದ ನಮ್ಮದು ಸೇರಿದ್ರೂ ಕೆಲಸ ಹೋಗತ್ತೆ."

"ಅದು ಅಲ್ಲಿಗೆ ಸರಿ," ಎಂದರು ಮೇಷ್ಟ್ರು. "ಇಲ್ಲಿ ಅದು ಇಲ್ದಿದ್ರೆ ಕೆಲಸ ಶುರುವೇ ಆಗಲ್ಲ. ಒಂದು ಮಾಡಿ. ಮುಂದಿನ ತಿಂಗಳು ಪೂರ್ತಿ ನನ್ನ ಕ್ಲಾಸಲ್ಲಿ ಪೆನ್ನು ಮುಟ್ಟಬೇಡಿ. ಸುಮ್ಮನೆ ಕೇಳಿ. ಎಲ್ಲಿ ಕಿರಿಕಿರಿ ಅನ್ನಿಸತ್ತೋ ಅಲ್ಲಿ ಕೈ ಎತ್ತಿ."

ಆ ತಿಂಗಳು ಮೇಡಂ ಕೈಗಳನ್ನು ಏನು ಮಾಡುವುದೆಂದೇ ತಿಳಿಯದೆ ಮೊದಮೊದಲು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದರು. ಹಿಂದಿನ ಬೆಂಚಿನವರಂತೂ ತಮಗೆ ನೋಟ್ಸ್ ತಪ್ಪಿಹೋಯಿತೆಂದು ಮೇಷ್ಟ್ರಿಗೆ ಹಿಡಿಶಾಪ ಹಾಕಿದರು. ಒಂದು ದಿನ ಮೇಷ್ಟ್ರು ಒಂದು ಸಂದರ್ಭ ಮುಂದಿಟ್ಟರು. ಚಿತ್ರಕಾರನೊಬ್ಬ ಸಾವಿನ ಹಾಸಿಗೆಯಲ್ಲಿದ್ದಾನೆ. ಕಷ್ಟಪಟ್ಟು ಬರೆದ ತನ್ನ ಕೊನೆಯ ಚಿತ್ರ ಹೇಗಿದೆ ಎಂದು ಗೆಳೆಯನನ್ನು ಕೇಳುತ್ತಾನೆ. ಚಿತ್ರ ಚೆನ್ನಾಗಿಲ್ಲ. ಗೆಳೆಯ ಏನು ಹೇಳಬೇಕು?

"ಚೆನ್ನಾಗಿದೆ ಅಂತಾನೇ ಹೇಳ್ಬೇಕು," ಎಂದಿತು ಅರ್ಧ ತರಗತಿ. ಮೇಡಂಗೆ ಎಲ್ಲಿಲ್ಲದ ಕಿರಿಕಿರಿಯಾಯಿತು. ಕೈ ಎತ್ತುವುದನ್ನೂ ಮರೆತು ಎದ್ದು ನಿಂತರು.

"ಅದು ತಪ್ಪು! ಕೋರ್ಟಲ್ಲಿ ನಾನು ನೋಡಿದೀನಿ, ಒಳ್ಳೇದಕ್ಕೆ ಅಂತಾನೇ ಎಲ್ಲರೂ ಸುಳ್ಳು ಶುರು ಮಾಡೋದು. ಕೇಳಿದವರಿಗೆ ನಿಜ ಹೇಳಬೇಕು. ಸಾಯೋನಾದ್ರೂ ಸರಿ, ಹುಟ್ಟೋನಾದ್ರೂ ಸರಿ."

ತರಗತಿ ನಕ್ಕಿತು. ಮೇಷ್ಟ್ರ ಮುಖ ಅರಳಿತು. "ಅದನ್ನೇ ಪ್ರಬಂಧ ಮಾಡಿ ತನ್ನಿ," ಎಂದರು.

ಮೇಡಂ ಬರೆದರು, ಹುರುಪಿನಿಂದ ಓದಿದರು. ಓದಿ ಮುಗಿಸುತ್ತಲೇ ಕೊನೆಯ ಬೆಂಚಿನಿಂದ ನರ್ಸ್ ಹುಡುಗಿ ಎದ್ದಳು. ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಅರೆನಿದ್ದೆಯಲ್ಲೇ ಪಾಠಕ್ಕೆ ಬರುತ್ತಿದ್ದವಳು ಅವಳು. ಮೇಡಂ ನೋಟ್ಸಿನಿಂದಲೇ ಪಾಸಾದವರಲ್ಲಿ ಮೊದಲಿಗಳು.

"ಮೇಡಂ, ಬೇಜಾರು ಮಾಡ್ಕೋಬೇಡಿ. ಕೇಳಿದವರಿಗೆ ಹೇಳಬೇಕು ಅಂದ್ರಿ. ನಮ್ಮ ವಾರ್ಡಲ್ಲಿ ಎಷ್ಟೋ ಜನ ಕೇಳೋದೇ ಇಲ್ಲ. ಕೆಲವರು ಕೇಳ್ತಾರೆ, ಆದರೆ ಉತ್ತರ ಬೇಕಿರಲ್ಲ. ಇನ್ನು ಕೆಲವರಿಗೆ ಬೇಕು, ಕೇಳೋಕೆ ಭಯ. ನೀವು ನಿಜ ಹೇಳೋದರ ಬಗ್ಗೇನೇ ಇಷ್ಟುದ್ದ ಬರೆದಿದೀರಿ. ಕೇಳಿಸಿಕೊಳ್ಳೋರ ಬಗ್ಗೆ ಒಂದು ಸಾಲೂ ಇಲ್ವಲ್ಲ?"

ಮೇಡಂ ಹಾಳೆ ತಿರುಗಿಸಿ ನೋಡಿದರು. ನಿಜಕ್ಕೂ ಇರಲಿಲ್ಲ. ಮುಖ ಸಣ್ಣದಾಯಿತು. ಆದರೂ ಕ್ಯಾಂಟೀನಿನಲ್ಲಿ ಆ ಹುಡುಗಿಯನ್ನು ತಾವೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡು, "ಇನ್ನೊಂದು ಸಲ ಹೇಳಮ್ಮ, ನಿಧಾನಕ್ಕೆ," ಎಂದರು. ಅಲ್ಲಿಂದ ಇಬ್ಬರೂ ಗಳಸ್ಯ ಕಂಠಸ್ಯ.

ಎರಡನೇ ವರ್ಷ ನಡೆಯುತ್ತಿದ್ದಾಗ ಚಿಕ್ಕಮ್ಮ ಪೇಪರನ್ನು ಮುಖದ ಪಕ್ಕಕ್ಕೆ ಹಿಡಿದು ಓದತೊಡಗಿದಳು. "ಮಧ್ಯದ ಅಕ್ಷರಗಳನ್ನ ಯಾರೋ ನುಂಗ್ತಾ ಇದಾರೆ ಕಣೆ," ಎಂದಳು. ಅಕ್ಕ ತಂಗಿ ಇಬ್ಬರೂ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಕಣ್ಣಿಗೆ ಹನಿ ಹಾಕಿಸಿಕೊಂಡು ಚಿಕ್ಕಮ್ಮ ಒಳಗೆ ಕೂತಿದ್ದಾಗ, ಡಾಕ್ಟರು ಇವರಿಬ್ಬರನ್ನೂ ಬಾಗಿಲಾಚೆ ಕರೆದರು. ಕಣ್ಣಿನ ಹಿಂಭಾಗದ ಪದರ ಸವೆಯುತ್ತಿದೆ. ಔಷಧಿಯಿಂದ ವೇಗ ತಗ್ಗಿಸಬಹುದು, ನಿಲ್ಲಿಸಲಾಗದು. ವರ್ಷ, ಒಂದೂವರೆ ವರ್ಷದಲ್ಲಿ ಓದುವುದು, ಮುಖ ಗುರುತಿಸುವುದು ಹೋಗುತ್ತದೆ. ಅಂಚಿನ ಮಸುಕು ಬೆಳಕು ಉಳಿಯುತ್ತದೆ. "ನೀವು ಹೇಳ್ತೀರೋ, ನಾನೇ ಹೇಳ್ಲೋ?" ಎಂದು ಕೇಳಿದರು.

"ಯಾರೂ ಹೇಳೋದು ಬೇಡ!" ಅಕ್ಕ ಅಂದಳು. "ಈ ವಯಸ್ಸಲ್ಲಿ ಅವಳ ಎದೆ ಒಡೀಬೇಡಿ. ಬರೀ ಹನಿ ಹಾಕ್ಕೊಂಡ್ರೆ ಸರಿ ಹೋಗತ್ತೆ ಅನ್ನೋಣ." ಡಾಕ್ಟರು ಮೇಡಂ ಕಡೆ ನೋಡಿದರು. ಮೇಡಂ ಬಾಯಿ ತೆರೆದರು, ಆದರೆ ಅಕ್ಕನ ಕಣ್ಣಲ್ಲಿ ನೀರು ತುಂಬಿತ್ತು. "ಮನೇಲಿ ಮಾತಾಡ್ಕೊಂಡು ಬರ್ತೀವಿ ಡಾಕ್ಟ್ರೇ," ಎಂದಷ್ಟೇ ಹೇಳಿದರು.

ಮನೆಯಲ್ಲಿ ಮಾತು ಮುಂದುವರಿಯಲೇ ಇಲ್ಲ. ಅಕ್ಕ ಬಂದಾಗಲೆಲ್ಲ, "ಕಣ್ಣು ಎಷ್ಟು ಸುಧಾರಿಸಿದೆ ನೋಡು ಚಿಕ್ಕಮ್ಮ!" ಎಂದು ಜೋರಾಗಿ ಹೇಳುತ್ತಿದ್ದಳು. ಚಿಕ್ಕಮ್ಮ ಹೂಂಗುಟ್ಟುತ್ತಿದ್ದಳು. ಮೇಡಂಗೆ ಊಟ ರುಚಿಸದಾಯಿತು. ನರ್ಸ್ ಹುಡುಗಿಯ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು. ಹೇಳಬೇಕೋ ಬಾರದೋ ಎಂದು ನಾವು ನಾವೇ ಗುದ್ದಾಡುತ್ತಿದ್ದೇವೆ. ಕಣ್ಣು ಯಾರದೋ ಅವಳನ್ನೇ ಒಂದು ಮಾತು ಕೇಳಿಲ್ಲ.

ಒಂದು ರಜಾದಿನ ಮಧ್ಯಾಹ್ನ ಇಬ್ಬರೂ ಬಾಲ್ಕನಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಕೆಳಗೆ ಸೈಕಲ್ ಅಂಗಡಿಯವನು ಚಕ್ರ ತಿರುಗಿಸಿ ನೋಡುತ್ತಿದ್ದ ಸದ್ದು. ಮೇಡಂ ಕೈಯಲ್ಲಿದ್ದ ಬಟಾಣಿ ಕೆಳಗಿಟ್ಟರು.

"ಚಿಕ್ಕಮ್ಮ, ನಿನ್ನ ಕಣ್ಣಿನ ಬಗ್ಗೆ ಡಾಕ್ಟರು ಹೇಳಿದ್ದು ನನಗೆ ಗೊತ್ತು. ನಿನಗೆ ಅದನ್ನ ಕೇಳಬೇಕು ಅಂತ ಇದ್ಯಾ? ಬೇಡ ಅಂದ್ರೆ ಬೇಡ. ಸ್ವಲ್ಪವೇ ಸಾಕು ಅಂದ್ರೆ ಅಷ್ಟೇ ಹೇಳ್ತೀನಿ."

ಚಿಕ್ಕಮ್ಮ ಇನ್ನೂ ನಾಲ್ಕಾರು ಬಟಾಣಿ ಸುಲಿದಳು. ಆಮೇಲೆ ಅಂದಳು: "ಉಳಿಯತ್ತೋ ಹೋಗತ್ತೋ, ಅದೊಂದು ಹೇಳು. ಯಾವಾಗ ಅನ್ನೋದು ಬೇಡ. ಅದನ್ನ ನಾನೇ ಕೇಳ್ತೀನಿ, ಕೇಳೋವರೆಗೂ ಬಾಯಿ ಬಿಡಬೇಡ."

"ಹೋಗತ್ತೆ ಚಿಕ್ಕಮ್ಮ."

ಚಿಕ್ಕಮ್ಮ ಕೈ ಚಾಚಿ ಮೇಡಂ ಮೊಣಕಾಲು ಹಿಡಿದುಕೊಂಡಳು. ಸ್ವಲ್ಪ ಹೊತ್ತು ಇಬ್ಬರೂ ಅತ್ತರು. ಅತ್ತು ಮುಗಿಸಿ ಚಿಕ್ಕಮ್ಮ ಸೆರಗಿನಿಂದ ಮೂಗೊರೆಸಿಕೊಂಡು, "ಆ ಹನಿ ಔಷಧಿ ಹಾಕ್ಕೊಂಡು ಹಾಕ್ಕೊಂಡು ಸಾಕಾಗಿತ್ತು. ಏನೂ ಆಗ್ತಾ ಇಲ್ವಲ್ಲ, ನಾನೇ ಸರಿಯಾಗಿ ಹಾಕ್ಕೊಳ್ತಿಲ್ವೇನೋ ಅಂದ್ಕೊಂಡಿದ್ದೆ," ಎಂದಳು. ತಪ್ಪು ತನ್ನದೇ ಎಂದು ಅವಳು ಇಷ್ಟು ದಿನ ನಂಬಿಕೊಂಡಿದ್ದಳು.

ವಿಷಯ ತಿಳಿದ ಅಕ್ಕ ಕೆಂಡವಾದಳು. ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಕೇಳಿದಳು: "ನಿನ್ನ ಪಾಠ ಪ್ರಯೋಗ ಮಾಡೋಕೆ ನಿನಗೆ ಚಿಕ್ಕಮ್ಮನೇ ಸಿಕ್ಕಿದ್ಲಾ?"

ಆ ಮಾತು ಮೇಡಂಗೆ ನಾಟಿತು. ಹೌದೇ? ಪಾಠ ಓದಿರದಿದ್ದರೆ ಹೇಳುತ್ತಿದ್ದೆನೇ? ಬಹುಶಃ ಹೇಳುತ್ತಿರಲಿಲ್ಲ. ಹಾಗಾದರೆ ಅಕ್ಕ ಹೇಳಿದ್ದರಲ್ಲಿ ಸ್ವಲ್ಪ ಸತ್ಯವಿದೆ. ಮೇಡಂ ಅಂಗಡಿಯಿಂದ ಹೊರಟು ಬಂದರು. ಮುಂದೆ ಕೆಲವು ವಾರ ಅಕ್ಕ ತಂಗಿಗೆ ಮಾತು ಬಂದ್.

ಇತ್ತ ಚಿಕ್ಕಮ್ಮ ಕೂತಲ್ಲಿ ಕೂರಲಿಲ್ಲ. ದಿನಾ ಬೆಳಗ್ಗೆ ಕಣ್ಣು ಮುಚ್ಚಿಕೊಂಡು ಮನೆಯೆಲ್ಲ ಓಡಾಡಿ ಅಭ್ಯಾಸ ಮಾಡತೊಡಗಿದಳು. ಒಲೆಯ ಗುಬುಟು, ನಲ್ಲಿ, ಬಾಗಿಲ ಚಿಲಕ ಎಲ್ಲವನ್ನೂ ಮುಟ್ಟಿ ಮುಟ್ಟಿ ಪರಿಚಯ ಮಾಡಿಕೊಂಡಳು. ಮೇಜಿನ ಮೂಲೆಗೆ ಸೊಂಟ ತಗುಲಿಸಿಕೊಂಡು, "ಇದನ್ನ ಇಲ್ಲಿಟ್ಟವರು ಯಾರು?" ಎಂದು ಬೈಯುತ್ತಿದ್ದಳು, ಇಟ್ಟವಳು ತಾನೇ. ಕಣ್ಣು ತೆರೆದಿರುವಾಗ ಬೇಕಾದ್ದನ್ನೆಲ್ಲ ನೋಡಲು ಹೊರಟಳು. ಎಕ್ಸ್‌ಚೇಂಜಿನ ಹಳೆಯ ಗೆಳತಿಯರ ಮನೆಗೆ ಹೋಗಿ ಅವರ ಮುಖ ದಿಟ್ಟಿಸಿ, "ಎಷ್ಟು ಮುದುಕಿ ಆಗಿದೀಯ ಮಾರಾಯ್ತಿ" ಎಂದು ಬಂದಳು.

ಒಂದು ದಿನ ಹೊಲಿಗೆ ಅಂಗಡಿಗೂ ಹೋದಳು. ಮೇಡಂ ಜೊತೆಗೆ ಹೋಗಿದ್ದರೂ ಹೊರಗೇ ನಿಂತರು.

"ಎದ್ದು ಬೆಳಕಿಗೆ ಬಾ," ಎಂದಳು ಚಿಕ್ಕಮ್ಮ ಅಕ್ಕನಿಗೆ. "ನಿನ್ನ ಮುಖ ಸರಿಯಾಗಿ ನೋಡಬೇಕು. ಸುಳ್ಳು ಹೇಳೋವಾಗ ನಿನ್ನ ಮೂಗಿನ ತುದಿ ಕೆಂಪಾಗತ್ತೆ ಅನ್ನೋದು ನಿನಗೆ ಗೊತ್ತಾ? ಚಿಕ್ಕೋಳಿದ್ದಾಗಿಂದ ಹಾಗೇ. ಇನ್ನು ಮುಂದೆ ನನಗೆ ಅದು ಕಾಣಲ್ಲ ಕಣೆ. ಅದಕ್ಕೇ ನನ್ನ ಹತ್ರ ಸುಳ್ಳು ಹೇಳಬೇಡ."

ಅಕ್ಕ ಅಳುತ್ತಲೇ ನಕ್ಕಳು. ನಗುತ್ತಲೇ ಹೊರಗೆ ನಿಂತಿದ್ದ ತಂಗಿಗೆ, "ಬಿಸಿಲಲ್ಲಿ ಯಾಕೆ ಒಣಗ್ತಾ ಇದೀಯ, ಒಳಗೆ ಬಾ," ಎಂದಳು. ಆ ಸಂಜೆಯೇ ಚಿಕ್ಕಮ್ಮನ ಬಟ್ಟೆಗಳನ್ನೆಲ್ಲ ಅಂಗಡಿಗೆ ತರಿಸಿಕೊಂಡಳು. ಪ್ರತಿಯೊಂದರ ಒಳಅಂಚಿಗೂ ಒಂದೊಂದು ಗುಂಡಿ ಹೊಲಿದಳು: ನೀಲಿಗೆ ದುಂಡನೆಯದು, ಹಸಿರಿಗೆ ಚೌಕದ್ದು, ಹಳದಿಗೆ ಎಲೆಯಾಕಾರದ್ದು. ಮುಟ್ಟಿದರೆ ಬಣ್ಣ ತಿಳಿಯಬೇಕು. "ಕಣ್ಣು ಕಾಣಲ್ಲ ಅಂತ ಕೆಂಪಿನ ಮೇಲೆ ಹಸಿರು ಹಾಕ್ಕೊಂಡು ಓಡಾಡಿದ್ರೆ ನನ್ನ ಅಂಗಡಿ ಮರ್ಯಾದೆ ಏನಾಗ್ಬೇಕು?" ಎಂದು ಗೊಣಗುತ್ತಾ ಹೊಲಿದಳು.

ಯಾವಾಗ ಎಂಬ ಪ್ರಶ್ನೆಯನ್ನು ಚಿಕ್ಕಮ್ಮ ಮರೆತೇಬಿಟ್ಟಳೇನೋ ಎಂದು ಮೇಡಂ ಅಂದುಕೊಂಡಿದ್ದರು. ಒಂದು ದಿನ ಬಸ್ಸಿಗೆ ಕಾಯುತ್ತಿದ್ದಾಗ, ಏನೋ ಸೊಪ್ಪಿನ ಬೆಲೆ ಕೇಳಿದ ಹಾಗೆ ಕೇಳಿದಳು: "ಅಂದಹಾಗೆ, ಯಾವಾಗ ಅಂದ್ರು ಡಾಕ್ಟರು?" ಮೇಡಂ ಹೇಳಿದರು. ಚಿಕ್ಕಮ್ಮ ತಲೆಯಾಡಿಸಿ, "ಪರವಾಗಿಲ್ಲ, ನಾನು ಇನ್ನೂ ಬೇಗ ಅಂದ್ಕೊಂಡಿದ್ದೆ," ಎಂದು ಬಸ್ಸು ಹತ್ತಿದಳು.

ಕೊನೆಯ ವರ್ಷದ ಪ್ರಬಂಧಕ್ಕೆ ಮೇಡಂ ಆರಿಸಿಕೊಂಡ ವಿಷಯ ಬೇರೆ ಯಾವುದೂ ಆಗುವಂತಿರಲಿಲ್ಲ. ಸತ್ಯ ಕೇಳಿಸಿಕೊಳ್ಳುವವರ ಹಕ್ಕು. ನಿಜ ಹೇಳಬೇಕೆಂಬುದು ಹೇಳುವವರ ಕರ್ತವ್ಯವಾದರೆ, ಎಷ್ಟು, ಯಾವಾಗ ಎಂಬ ಅಳತೆ ಕೇಳುವವರ ಕೈಯಲ್ಲಿರಬೇಕು ಎಂಬುದು ಅವರ ವಾದ. ಚಿಕ್ಕಮ್ಮನ ಒಪ್ಪಿಗೆ ಕೇಳಿಯೇ ಅವಳ ಕಥೆಯನ್ನು ಬರೆದರು. ಒಂದೊಂದು ಪುಟಕ್ಕೂ ನರ್ಸ್ ಹುಡುಗಿಯ ಜೊತೆ ಜಗಳವಾಡಿದರು. ಮೂರು ಸಲ ತಿದ್ದಿದರು.

ಮೌಖಿಕ ಪರೀಕ್ಷೆಯಲ್ಲಿ ಮೇಷ್ಟ್ರು ಬಿಡಲಿಲ್ಲ. "ನಿಮ್ಮ ಚಿಕ್ಕಮ್ಮ ಏನೂ ಬೇಡ ಅಂದಿದ್ರೆ? ಕಣ್ಣು ಹೋಗ್ತಿರೋದು ಗೊತ್ತಿಲ್ದೆ ಒಬ್ಬರೇ ರಸ್ತೆ ದಾಟೋಕೆ ಹೋಗಿದ್ರೆ? ಆಗಲೂ ಅಳತೆ ಅವರ ಕೈಯಲ್ಲೇ ಇರಬೇಕಿತ್ತಾ?"

"ನನಗೆ ಗೊತ್ತಿಲ್ಲ ಸರ್. ಬಹುಶಃ ಹೇಳದೆ, ಪ್ರತಿ ಸಲ ಕೈ ಹಿಡ್ಕೊಂಡು ರಸ್ತೆ ದಾಟಿಸ್ತಿದ್ದೆ."

"ಅದು ಉತ್ತರ ಅಲ್ಲ."

"ಅಲ್ಲ ಸರ್. ನನ್ನ ವಾದ ಅಲ್ಲಿಗೆ ನಿಲ್ಲತ್ತೆ. ಅದರಾಚೆ ಇನ್ನೂ ಓದಬೇಕು."

ಮೇಷ್ಟ್ರು ಪಕ್ಕದಲ್ಲಿದ್ದ ಧರ್ಮಗಳ ಪಾಠದ ಪ್ರೊಫೆಸರಮ್ಮನ ಕಡೆ ನೋಡಿ ನಕ್ಕರು. ಮೇಡಂ ಎರಡನೇ ದರ್ಜೆಯಲ್ಲಿ ಪಾಸಾದರು. ಅಕ್ಕ ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಮೊದಲ ದರ್ಜೆ ಎಂದು ಹೇಳಿಕೊಂಡು ತಿರುಗಿದಳು. ಅವಳ ಮೂಗಿನ ತುದಿಯನ್ನು ಯಾರೂ ಗಮನಿಸಲಿಲ್ಲ.

ಮೇಡಂ ಎಂ.ಎ.ಗೆ ಸೇರಿದರು. ಚಿಕ್ಕಮ್ಮನಿಗೆ ಈಗ ಅಕ್ಷರ ಕಾಣುವುದಿಲ್ಲ, ಮುಖಗಳು ಮಸುಕು. ಮನೆಯಲ್ಲಿ ಒಬ್ಬಳೇ ರೇಡಿಯೊ ಕೇಳಿ ಬೇಸರವಾದಾಗ, "ನಾನೂ ಬರ್ತೀನಿ, ಹಿಂದೆ ಕೂತಿರ್ತೀನಿ," ಎಂದು ಹಟ ಹಿಡಿದಳು. ಪ್ರೊಫೆಸರಮ್ಮ ಸಂತೋಷದಿಂದ ಒಪ್ಪಿದರು. ಹಿಂದೆ ಕೂತಿರುತ್ತೇನೆ ಎಂದವಳು ಎರಡನೇ ದಿನವೇ ಮಾತಾಡಿದಳು. ಪ್ರಾರ್ಥನೆಯನ್ನು ಕೇಳಿಸಿಕೊಳ್ಳುವವರು ಇದ್ದಾರೆಂಬುದಕ್ಕೆ ಏನು ಆಧಾರ ಎಂಬ ಚರ್ಚೆ ನಡೆಯುತ್ತಿತ್ತು.

"ಎಕ್ಸ್‌ಚೇಂಜಲ್ಲಿ ನಾನು ದಿನಾ ಸಂಪರ್ಕ ಕೊಡಿಸ್ತಿದ್ದೆ," ಎಂದಳು ಚಿಕ್ಕಮ್ಮ. "ಆಚೆ ಕಡೆ ಯಾರೂ ಎತ್ತದಿದ್ರೆ ಸದ್ದಲ್ಲೇ ಗೊತ್ತಾಗ್ತಿತ್ತು. ಪ್ರಾರ್ಥನೇಲಿ ನನಗೆ ಆ ಖಾಲಿ ಸದ್ದು ಕೇಳ್ಸಿಲ್ಲ."

"ಆದರೆ ಅಮ್ಮ, ನೀವು ಕೇಳಿಸಿಕೊಂಡಿದ್ದು ನಿಮ್ಮದೇ ದನಿ ಅಲ್ಲ ಅಂತ ಹೇಗೆ ಹೇಳ್ತೀರಿ?" ಪ್ರೊಫೆಸರಮ್ಮ ಕೇಳಿದರು.

"ಹೂಂ... ಅದು ಒಳ್ಳೇ ಪ್ರಶ್ನೆ," ಎಂದು ಚಿಕ್ಕಮ್ಮ ಕೂತಳು. ಬಸ್ಸಿನಲ್ಲಿ ಮನೆಯವರೆಗೂ ಅದನ್ನೇ ಮೆಲುಕು ಹಾಕಿದಳು. ಮನೆ ಮುಟ್ಟಿದ ಮೇಲೆ ಮೇಡಂ ತಟ್ಟೆ ಹಾಕುತ್ತಿದ್ದರೆ, ಊಟಕ್ಕೆಂದು ಬಂದಿದ್ದ ಅಕ್ಕನನ್ನೂ ಮಾತಿಗೆ ಎಳೆದಳು. ಅಕ್ಕ, "ನನಗೆ ನಿಮ್ಮ ತತ್ವ ಗಿತ್ವ ಬೇಡ" ಎನ್ನುತ್ತಲೇ ವಾದಕ್ಕಿಳಿದಳು. ಅನ್ನ ಆರಿತು, ಯಾರೂ ಸೋಲಲಿಲ್ಲ. ಮೇಡಂ ನಡುವೆ ಕೂತು, ಒಂದಕ್ಷರವನ್ನೂ ಬರೆದುಕೊಳ್ಳದೆ, ಇಬ್ಬರ ತಪ್ಪನ್ನೂ ತೋರಿಸಿ ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದರು.